ಚುಕ್ಕಾಣಿ: ಒಂದು ಕಡಲಿನ ಮಾತಿನ ಚರಿತ್ರೆ

೧

ಕೆಲವು ಕಾಲದ ಹಿಂದೆ ಯಲಹಂಕದಲ್ಲಿ ಒಂದು ಚಿಕ್ಕ ಸಭೆ ನೆರೆದಿತ್ತು. ವಾಚನಾಲಯವೊಂದರ ಆಡಳಿತವು ಹಿರಿಯರ ಕೈಯಿಂದ ಕಿರಿಯರ ಕೈಗೆ ಬಂದ ಸಂದರ್ಭ. ವಂದನಾರ್ಪಣೆಗೆಂದು ಎದ್ದ ಮಹನೀಯರು, "ಈ ಸಂಸ್ಥೆಯ ಚುಕ್ಕಾಣಿಯನ್ನು ಇಂದು ತರುಣರು ಹಿಡಿದಿದ್ದಾರೆ" ಎಂದು ಹೇಳಿ ಕುಳಿತರು. ಸಭಿಕರೆಲ್ಲರೂ ಕರತಾಡನ ಮಾಡಿದರು. ನನ್ನ ಪಕ್ಕದಲ್ಲಿದ್ದ ಹತ್ತು ವರ್ಷದ ಮೊಮ್ಮಗನು ಮಾತ್ರ ನನ್ನ ಕಿವಿಯ ಬಳಿಗೆ ಬಾಗಿ, "ತಾತ, ಚುಕ್ಕಾಣಿ ಅಂದರೆ ಏನು? ನೀವು ನೋಡಿದ್ದೀರಾ?" ಎಂದು ಕೇಳಿದ. ಹಡಗನ್ನು ತಿರುಗಿಸುವ ಸಾಧನವೆಂದು ಹೇಳಿದೆ. "ಹಾಗಾದರೆ ಅದನ್ನು ಹಿಡಿದವರಿಗೆ ಹಡಗು ಸೇರುತ್ತದೆಯಾ?" ಎಂದು ಮರುಪ್ರಶ್ನೆ ಬಂತು. ಸಭೆಯಲ್ಲಿ ಮಾತನಾಡುವುದು ಸಲ್ಲದೆಂಬ ನೆವದಿಂದ ನಾನು ತಪ್ಪಿಸಿಕೊಂಡೆ. ಆದರೆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ.

ನಮ್ಮ ಊರು ಕಡಲನ್ನು ಕಂಡುದಲ್ಲ. ಯಲಹಂಕದಿಂದ ಮೂಡಣಕ್ಕೆ ಹೋದರೂ ಪಡುವಣಕ್ಕೆ ಹೋದರೂ ಉಪ್ಪುನೀರು ಇನ್ನೂರೈವತ್ತು ಕಿಲೋಮೀಟರಿಗೂ ಆಚೆ ಇದೆ; ನಾವಿರುವ ನೆಲವು ಕಡಲ ಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಹೆಬ್ಬಾಳ, ಯಲಹಂಕ, ಜಕ್ಕೂರುಗಳಲ್ಲಿ ಇರುವುವು ಕೆರೆಗಳು. ಯಲಹಂಕದ ನಾಡಪ್ರಭು ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿಸಿದಾಗ ಅವನು ಎಣಿಕೆ ಹಾಕಿದುದು ಮಳೆಯ ನೀರನ್ನು, ಏರಿ ತೂಬುಗಳನ್ನು, ಅಲೆಗಳನ್ನಲ್ಲ. ಹೀಗಿದ್ದರೂ ನಮ್ಮ ಪತ್ರಿಕೆಗಳು 'ರಾಜ್ಯದ ಚುಕ್ಕಾಣಿ', 'ಪಕ್ಷದ ಚುಕ್ಕಾಣಿ' ಎಂದು ಬರೆಯದ ವಾರವಿಲ್ಲ. ಹುಟ್ಟಿದಂದಿನಿಂದ ಕಾಣದ ವಸ್ತುವಿನ ಹೆಸರನ್ನು ನಾವು ಇಷ್ಟು ಸಲಿಗೆಯಿಂದ ಆಡುತ್ತಿರುವುದು ಹೇಗೆ? ಆ ಮಾತಿಗೆ ನಾವು ಕೊಟ್ಟಿರುವ ಅರ್ಥವು ಸರಿಯಾದುದೆ? ಇವೆರಡನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ವಸ್ತುವನ್ನು ನೋಡೋಣ. ಇಂಗ್ಲಿಷರು 'ಅಟ್ ದಿ ಹೆಲ್ಮ್' ಎಂದು ಹೇಳುವ ನುಡಿಗಟ್ಟನ್ನೇ ನಾವು ಕನ್ನಡದಲ್ಲಿ 'ಚುಕ್ಕಾಣಿ ಹಿಡಿದು' ಎನ್ನುತ್ತೇವೆ. ಹೆಲ್ಮ್ ಎಂದರೆ ಚುಕ್ಕಾಣಿಯನ್ನು ಆಡಿಸುವ ಹಿಡಿಯೂ ಹೌದು, ತಿರುಗಿಸುವ ಚಕ್ರವೂ ಹೌದು, ಒಟ್ಟು ಆ ಏರ್ಪಾಡೂ ಹೌದು. ಹಡಗಿನ ಹಿಂತುದಿಯಲ್ಲಿ ಬಾಗಿಲಿನಂತೆ ಕೀಲುಗೊಂಡು ನೀರಿನೊಳಗೆ ಇಳಿದಿರುವ ಹಲಗೆಯೇ ಚುಕ್ಕಾಣಿ. ಹಲಗೆಯನ್ನು ಓರೆಮಾಡಿದರೆ ಹರಿದುಬರುವ ನೀರು ಅದಕ್ಕೆ ಬಡಿದು ಹಡಗಿನ ಹಿಂಭಾಗವನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಮೂತಿಯು ಇನ್ನೊಂದು ಪಕ್ಕಕ್ಕೆ ಹೊರಳುತ್ತದೆ. ಇದರಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಚುಕ್ಕಾಣಿಯು ಹಡಗನ್ನು ಮುಂದಕ್ಕೆ ಎಳೆಯುವುದಿಲ್ಲ. ಆ ಕೆಲಸ ಗಾಳಿಯದು, ಹುಟ್ಟಿನದು, ಇಲ್ಲವೆ ಯಂತ್ರದ್ದು. ಮತ್ತು ಹಡಗು ನೀರಿನಲ್ಲಿ ಚಲಿಸುತ್ತಿದ್ದರೆ ಮಾತ್ರ ಚುಕ್ಕಾಣಿಗೆ ಬಲವುಂಟು. ಗಾಳಿ ಬಿದ್ದು ಹಡಗು ನಿಂತಾಗ ಎಂತಹ ಜಾಣನು ಚಕ್ರವನ್ನು ತಿರುಗಿಸಿದರೂ ಮೂತಿಯು ಕದಲುವುದಿಲ್ಲ.

ಹಿಂದೆ ಯೂರೋಪಿನ ಉತ್ತರದ ಕಡಲುಗಳಲ್ಲಿ ಹಡಗಿಗೆ ಹಿಂಬದಿಯ ಚುಕ್ಕಾಣಿ ಇರಲಿಲ್ಲ. ಬಲಪಕ್ಕದಲ್ಲಿ ಒಂದು ದೊಡ್ಡ ಹುಟ್ಟನ್ನು ಕಟ್ಟಿ ಅದರಿಂದಲೇ ದಿಕ್ಕನ್ನು ನಡೆಸುತ್ತಿದ್ದರು. ಆದುದರಿಂದಲೇ ಹಡಗಿನ ಬಲಪಕ್ಕಕ್ಕೆ ಇಂಗ್ಲಿಷಿನಲ್ಲಿ 'ಸ್ಟಾರ್‌ಬೋರ್ಡ್' ಎಂದು ಹೆಸರು. ಅದರಲ್ಲಿ ನಕ್ಷತ್ರವೇನೂ ಇಲ್ಲ, 'ನಡೆಸುವ ಪಕ್ಕ' ಎಂಬುದೇ ಹಳೆಯ ಇಂಗ್ಲಿಷಿನ ಅರ್ಥ. ಎಡಪಕ್ಕಕ್ಕೆ 'ಲಾರ್‌ಬೋರ್ಡ್' ಎನ್ನುತ್ತಿದ್ದರು. ಬಿರುಗಾಳಿಯಲ್ಲಿ ಇವೆರಡು ಕೂಗುಗಳೂ ಒಂದೇ ಬಗೆಯಾಗಿ ಕೇಳಿ ಪ್ರಮಾದಕ್ಕೆ ಎಡೆಯಾಗುತ್ತಿದ್ದುದರಿಂದ ೧೮೪೪ರಲ್ಲಿ ಬ್ರಿಟಿಷ್ ನೌಕಾಡಳಿತವು ಎಡಪಕ್ಕಕ್ಕೆ 'ಪೋರ್ಟ್' ಎಂಬ ಮಾತನ್ನೇ ಬಳಸಬೇಕೆಂದು ಆಜ್ಞೆ ಮಾಡಿತು.

ಇನ್ನೊಂದು ವಿಚಿತ್ರವೂ ಉಂಟು. ಚುಕ್ಕಾಣಿಯ ತಲೆಗೆ ಸಿಕ್ಕಿಸಿದ ಉದ್ದನೆಯ ಹಿಡಿಯನ್ನು ಬಲಕ್ಕೆ ದೂಡಿದರೆ ಹಡಗು ಎಡಕ್ಕೆ ತಿರುಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಚಕ್ರವು ಬಳಕೆಗೆ ಬಂದ ಮೇಲೂ ನಾವಿಕರು ಹಳೆಯ ಹಿಡಿಯ ಲೆಕ್ಕದಲ್ಲಿಯೇ ಆಜ್ಞೆ ಕೊಡುತ್ತಿದ್ದರು. ೧೯೧೨ರ ಏಪ್ರಿಲ್ ೧೪ರ ರಾತ್ರಿ ಟೈಟಾನಿಕ್ ಹಡಗಿನ ಮುಂದೆ ಹಿಮದ ಗುಡ್ಡೆ ಕಾಣಿಸಿದಾಗ ಅಧಿಕಾರಿ ಮರ್ಡಕ್ ಕೂಗಿದುದು ಸ್ಟಾರ್‌ಬೋರ್ಡ್ ಎಂದು; ಹಡಗು ತಿರುಗಿದುದು, ಅವನು ಬಯಸಿದಂತೆಯೇ, ಎಡಕ್ಕೆ. ಈ ತಿರುವುಮುರುವನ್ನು ತೊಲಗಿಸಲು ೧೯೨೯ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ತೀರ್ಮಾನಿಸಿತು; ೧೯೩೩ರಿಂದ ಬ್ರಿಟಿಷ್ ಹಡಗುಗಳಲ್ಲಿ ಬಲವೆಂದರೆ ಬಲವೇ ಆಯಿತು.

೩

ಇನ್ನು ಮಾತಿನ ವಿಚಾರ. 'ಚುಕ್ಕಾಣಿ' ಕನ್ನಡ ಧಾತುವಿನಿಂದ ಹುಟ್ಟಿದುದಲ್ಲ, ಸಂಸ್ಕೃತದಿಂದ ಬಂದುದೂ ಅಲ್ಲ. ಅರಬ್ಬೀ ಭಾಷೆಯಲ್ಲಿ ಚುಕ್ಕಾಣಿಗೆ 'ಸುಕ್ಕಾನ್' ಎಂದು ಹೆಸರು. ತಮಿಳರೂ ಮಲೆಯಾಳಿಗಳೂ ಅದನ್ನು ಹೆಚ್ಚು ಮಾರ್ಪಡಿಸದೆ ತೆಗೆದುಕೊಂಡರು. ತೆಲುಗರು 'ಚುಕ್ಕಾನಿ' ಎಂದರು. ನಾವು 'ಚುಕ್ಕಾಣಿ' ಎಂದೆವು. ಪಾರಸಿಯಲ್ಲಿ 'ಸುಕ್ಕಾನಿ' ಎಂದರೆ ಚುಕ್ಕಾಣಿಯನ್ನು ಹಿಡಿಯುವ ಆಳು. ಆಳಿನ ಹೆಸರೇ ನಮ್ಮಲ್ಲಿ ವಸ್ತುವಿಗೆ ನಿಂತಿತೆಂದು ತೋರುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ಇಂಗ್ಲಿಷರು ಇದೇ ಮಾತನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ಸೀಕನಿ' ಎಂದರು; ಮೊದಲ ಅಕ್ಷರದಲ್ಲಿ ಅವರಿಗೆ ತಮ್ಮ 'ಸೀ', ಎಂದರೆ ಕಡಲು, ಕೇಳಿಸಿರಬೇಕು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟುವಿನಲ್ಲಿ ಈ ಮಾತು ಸೇರಿದೆ.

ಅರಬ್ಬೀ ಮಾತು ಕನ್ನಡನಾಡಿಗೆ ಬಂದ ದಾರಿ ಯಾವುದು? ಬಯಲುಸೀಮೆಯಲ್ಲಿ ಅದನ್ನು ಹುಡುಕಿ ಫಲವಿಲ್ಲ. ತುಂಗಭದ್ರೆ ಕಾವೇರಿಗಳ ಮೇಲೆ ನಮ್ಮವರು ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರನ್ನು ಹೆಣೆದು ತೊಗಲು ಹೊದಿಸಿದ ಆ ದುಂಡನೆಯ ಬುಟ್ಟಿಗೆ ಮುಂದು ಹಿಂದುಗಳಿಲ್ಲ. ಹಿಂದಿಲ್ಲದ ಮೇಲೆ ಚುಕ್ಕಾಣಿಯನ್ನು ಕಟ್ಟುವುದೆಲ್ಲಿಗೆ? ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಪಾಯಸನು ಹರಿಗೋಲುಗಳನ್ನು ವರ್ಣಿಸುತ್ತ, ಅವು ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರದೆ ಸುತ್ತುತ್ತಲೇ ಇರುತ್ತವೆಂದು ಬರೆದಿದ್ದಾನೆ. ಚುಕ್ಕಾಣಿಯು ಬಂದುದು ಕರಾವಳಿಯಿಂದ.

ಆ ಕರಾವಳಿಯ ವ್ಯಾಪಾರವು ಬಹು ಪುರಾತನವಾದುದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಸುಮಾರು ೧೧೩೨ರಿಂದ ೧೧೪೯ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿ ನೆಲಸಿ ಏಡನ್ ನಗರದೊಡನೆ ವ್ಯವಹಾರ ಮಾಡುತ್ತಿದ್ದನು. ಅವನ ಕಾಗದಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರ ಉಗ್ರಾಣದಲ್ಲಿ ಉಳಿದು ಬಂದಿವೆ. ಅವನ ಕೈಕೆಳಗೆ ದುಡಿದು ಏಡನ್ನಿಗೆ ಹೋಗಿಬರುತ್ತಿದ್ದವನ ಹೆಸರು ಆ ಪತ್ರಗಳಲ್ಲಿದೆ. ಅವನು ತುಳುನಾಡಿನ ಬೊಮ್ಮನೆಂದು ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡನು. ಪಾರಸಿ ಮತ್ತು ಯೆಮೆನ್ ದೇಶದ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಾರೆಂದು ಅವನು ಹೇಳುತ್ತಾನೆ. ೧೪೪೩ರಲ್ಲಿ ಪಾರಸಿಯ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿಗೆ ಕಡಲ ದಾರಿಯಿಂದ ಬಂದು ಅಲ್ಲಿಂದ ನೆಲದ ಮೇಲೆ ವಿಜಯನಗರಕ್ಕೆ ನಡೆದನು. ವಿಜಯನಗರದ ಅರಸರ ಕುದುರೆಗಳು ಅರಬ್ಬರ ಹಡಗುಗಳಿಂದ ಭಟ್ಕಳವೇ ಮೊದಲಾದ ಬಂದರುಗಳಲ್ಲಿ ಇಳಿಯುತ್ತಿದ್ದುವು. ಇಷ್ಟು ಕಾಲ ಒಂದೇ ನೀರಿನ ಮೇಲೆ ಬಾಳಿದವರಲ್ಲಿ ಮಾತುಗಳು ಕೈ ಬದಲಾಯಿಸದೆ ಇರುವುದು ಸಾಧ್ಯವಲ್ಲ.

ಚುಕ್ಕಾಣಿಯು ಒಂಟಿಯಾಗಿ ಬಂದುದಲ್ಲ. 'ಬಂದರು' ಪಾರಸಿಯದು, 'ಲಂಗರು' ಪಾರಸಿಯದು, ಹಡಗಿನ ಆಳಿಗೆ ಹೇಳುತ್ತಿದ್ದ 'ಖಲಾಸಿ' ಅರಬ್ಬೀ ಮೂಲದ್ದು. ಈ ಖಲಾಸಿಯು ಕಡಲನ್ನು ಬಿಟ್ಟು ರೈಲ್ವೆ ಇಲಾಖೆಯನ್ನು ಸೇರಿ ಯಶವಂತಪುರದ ನಿಲ್ದಾಣದವರೆಗೂ ಬಂದನು. ಹಳಿಯ ಮೇಲೆ, ಕಾರ್ಖಾನೆಯಲ್ಲಿ ದುಡಿಯುವ ಕೆಲಸಗಾರನಿಗೆ ಆ ಹೆಸರು ನಿಂತಿತು. ಹಡಗಿನ ಗಾಳಿಬಟ್ಟೆಗೆ ಹೇಳುವ 'ಹಾಯಿ' ಮಾತ್ರ ನಮ್ಮ ಮನೆಯದೇ. ತಮಿಳಿನಲ್ಲಿ ಅದರ ಜೊತೆಯ 'ಪಾಯ್' ಶಬ್ದಕ್ಕೆ ಚಾಪೆ ಎಂಬ ಅರ್ಥವೂ ಉಂಟು. ಚಾಪೆಯನ್ನೇ ಗಾಳಿಗೆ ಒಡ್ಡಿ ಹೋಗುತ್ತಿದ್ದ ಕಾಲದ ನೆನಪು ಆ ಶಬ್ದದಲ್ಲಿ ಉಳಿದಿದೆ.

೪

ವಸ್ತುವೂ ಹೆಸರೂ ಹೀಗೆ ಬಂದುವು. ರಾಜ್ಯವನ್ನು ಹಡಗಿಗೂ ಆಳುವವನನ್ನು ಅದರ ನಡೆಸುಗನಿಗೂ ಹೋಲಿಸುವ ರೂಢಿಯಾದರೋ ಗ್ರೀಕರಲ್ಲಿ ಬಹಳ ಹಳೆಯದು. ಗ್ರೀಕಿನಲ್ಲಿ ಹಡಗನ್ನು ನಡೆಸುವುದಕ್ಕೆ ಹೇಳುತ್ತಿದ್ದ 'ಕುಬೆರ್ನಾನ್' ಎಂಬ ಕ್ರಿಯಾಪದವನ್ನು ರೋಮನರು 'ಗುಬೆರ್ನಾರೆ' ಎಂದು ಮಾಡಿಕೊಂಡರು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು 'ಗವರ್ನರ್', 'ಗವರ್ನಮೆಂಟ್' ಎಂದಾಯಿತು. ನಮ್ಮ ಹಳ್ಳಿಗಳ ಹಿರಿಯರು 'ಗೌರ್ಮೆಂಟು' ಎನ್ನುವಾಗ ತಾವು ಒಂದು ಚುಕ್ಕಾಣಿಯ ಹೆಸರನ್ನು ಹೇಳುತ್ತಿರುವೆವೆಂದು ಅರಿಯರು. ಉಗಿಯಂತ್ರದ ವೇಗವನ್ನು ತಾನಾಗಿ ಹದಗೊಳಿಸಲು ೧೭೮೮ರಲ್ಲಿ ಜೇಮ್ಸ್ ವಾಟ್ ಅಳವಡಿಸಿದ ಸಾಧನಕ್ಕೂ 'ಗವರ್ನರ್' ಎಂದೇ ಹೆಸರಾಯಿತು. ೧೯೪೮ರಲ್ಲಿ ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು ಯಂತ್ರಗಳಲ್ಲಿಯೂ ಜೀವಿಗಳಲ್ಲಿಯೂ ನಡೆಯುವ ಇಂತಹ ಹತೋಟಿಯ ಶಾಸ್ತ್ರಕ್ಕೆ ಹೆಸರಿಡುವಾಗ ಅದೇ ಗ್ರೀಕ್ ನಾವಿಕನನ್ನು ಕರೆದು 'ಸೈಬರ್ನೆಟಿಕ್ಸ್' ಎಂದನು. ಯಶವಂತಪುರದಿಂದ ತುಮಕೂರಿನ ಕಡೆಗೆ ಸಾಗುವ ಲಾರಿಯ 'ಸ್ಪೀಡ್ ಗವರ್ನರ್', ರಾಜ್ಯದ ಗವರ್ನರು, ಗಣಕಯಂತ್ರದ 'ಸೈಬರ್' ಮೂರೂ ಒಂದೇ ಹಡಗಿನಿಂದ ಇಳಿದ ಬಂಧುಗಳು.

ಈ ಹೋಲಿಕೆಯನ್ನು ಎಲ್ಲರಿಗಿಂತ ಆಳವಾಗಿ ವಿಚಾರಿಸಿದವನು ಪ್ಲೇಟೋ. ಅವನ 'ರಿಪಬ್ಲಿಕ್' ಗ್ರಂಥದ ಆರನೆಯ ಭಾಗದಲ್ಲಿ ಒಂದು ದೃಷ್ಟಾಂತವಿದೆ. ಹಡಗಿನ ಒಡೆಯನು ದೊಡ್ಡ ಆಳು, ಬಲಶಾಲಿ. ಆದರೆ ಕಿವಿ ಸ್ವಲ್ಪ ಮಂದ, ಕಣ್ಣು ಸ್ವಲ್ಪ ಮಂದ, ಹಡಗಿನ ವಿದ್ಯೆಯೂ ಅಷ್ಟಕ್ಕಷ್ಟೆ. ಆಳುಗಳು ಅವನನ್ನು ಸುತ್ತುಗಟ್ಟಿ ಚುಕ್ಕಾಣಿ ತನಗೆ ಬೇಕು ತನಗೆ ಬೇಕೆಂದು ಕಾದಾಡುತ್ತಾರೆ. ಅವರಲ್ಲಿ ಒಬ್ಬನೂ ಆ ವಿದ್ಯೆಯನ್ನು ಕಲಿತವನಲ್ಲ. ಋತು, ಗಾಳಿ, ನಕ್ಷತ್ರಗಳನ್ನು ಬಲ್ಲ ನಿಜವಾದ ನಾವಿಕನನ್ನು ಅವರು ಆಕಾಶ ನೋಡುವ ನಿಷ್ಪ್ರಯೋಜಕನೆಂದು ಹಳಿಯುತ್ತಾರೆ. ಪ್ರಜಾಪ್ರಭುತ್ವವನ್ನು ಹಳಿಯಲು ಪ್ಲೇಟೋ ಈ ಕಥೆಯನ್ನು ಹೇಳಿದನು. ಅವನ ತೀರ್ಪನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವನ ಶತ್ರುತ್ವದಲ್ಲಿಯೂ ಒಂದು ಸತ್ಯವು ಉಳಿದಿದೆ: ಹಡಗಿನ ಒಡೆಯನು ಜನ. ಚುಕ್ಕಾಣಿಯನ್ನು ಹಿಡಿದವನು ಒಡೆಯನಲ್ಲ.

ನಮ್ಮ ಪೂರ್ವಿಕರಿಗೂ ನಾವೆಯ ಹೋಲಿಕೆ ಅಪರಿಚಿತವಲ್ಲ. ಸಂಸ್ಕೃತದಲ್ಲಿ 'ಕರ್ಣ' ಶಬ್ದಕ್ಕೆ ಕಿವಿಯೆಂಬ ಅರ್ಥದೊಡನೆ ಚುಕ್ಕಾಣಿಯೆಂಬ ಅರ್ಥವೂ ಉಂಟು. ಅದನ್ನು ಧರಿಸಿದವನು 'ಕರ್ಣಧಾರ'. ಉದ್ಯೋಗಪರ್ವದಲ್ಲಿ ವಿದುರನು, ಕಡಲಿನಲ್ಲಿ ಒಡೆದ ನಾವೆಯಂತೆ ತೊರೆಯಬೇಕಾದವರನ್ನು ಎಣಿಸುವಾಗ, ಪ್ರಜೆಯನ್ನು ರಕ್ಷಿಸದ ಅರಸನನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾನೆ. ಆದರೆ ಕನ್ನಡದ ಜನಮನಸ್ಸಿನಲ್ಲಿ ಬೇರೂರಿದುದು ಕರ್ಣಧಾರನಲ್ಲ, ಅಂಬಿಗ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ವಚನಗಳಿಗೆ ಅಂಕಿತವಾಗಿ ಇಟ್ಟನು. ಹರಿದಾಸರು ದೇವರನ್ನೇ ಅಂಬಿಗನೆಂದು ಕರೆದರು. 'ದಡ ಸೇರು', 'ನಡುನೀರಿನಲ್ಲಿ ಕೈಬಿಡು', 'ಎರಡು ದೋಣಿಯ ಮೇಲೆ ಕಾಲಿಡು' ಎಂಬ ನಮ್ಮ ನುಡಿಗಟ್ಟುಗಳನ್ನು ನೋಡಿ. ಎಲ್ಲವೂ ಹೊಳೆಯನ್ನು ದಾಟುವ ಮಾತುಗಳು. ಅಂಬಿಗನಿಗೆ ಎದುರು ದಡವು ಕಣ್ಣಿಗೆ ಕಾಣುತ್ತಿರುತ್ತದೆ. ಚುಕ್ಕಾಣಿಗನಿಗೆ ದಡವು ಕಾಣುವುದಿಲ್ಲ. ಸೂಜಿಗಲ್ಲನ್ನೂ ನಕ್ಷತ್ರವನ್ನೂ ನಂಬಿ ಅವನು ಹೋಗಬೇಕು. ಜನಪ್ರತಿನಿಧಿ ಸಭೆಗಳೂ ವೃತ್ತಪತ್ರಿಕೆಗಳೂ ಬೆಳೆದು, ಇಂಗ್ಲಿಷಿನ ರಾಜಕೀಯದ ಮಾತುಗಳನ್ನು ಕನ್ನಡಕ್ಕೆ ತರಬೇಕಾಗಿ ಬಂದಾಗ, ನಮ್ಮ ಬರಹಗಾರರು ಅಂಬಿಗನನ್ನು ಬಿಟ್ಟು ಕರಾವಳಿಯ ಚುಕ್ಕಾಣಿಯನ್ನು ಆರಿಸಿಕೊಂಡರೆಂದು ತೋರುತ್ತದೆ. ಆಯ್ಕೆ ಸರಿಯಾಗಿಯೇ ಇತ್ತು.

೫

ಕಡಲಿಲ್ಲದ ಊರಿನಿಂದ ಕಡಲನ್ನು ಆಳಲೆಳಸಿದ ಒಂದು ಪ್ರಸಂಗವು ನಮ್ಮ ಸೀಮೆಗೇ ಸಂಬಂಧಪಟ್ಟಿದೆ. ಯಲಹಂಕದಿಂದ ಉತ್ತರಕ್ಕೆ ಹೋದರೆ ದೇವನಹಳ್ಳಿ. ೧೭೫೦ರಲ್ಲಿ ಟೀಪು ಸುಲ್ತಾನನು ಹುಟ್ಟಿದುದು ಅಲ್ಲಿ. ೧೭೯೬ರಲ್ಲಿ ಅವನು ನೌಕಾಬಲದ ವಿಚಾರವಾಗಿ ಒಂದು ನಿಬಂಧನೆಯನ್ನು ಹೊರಡಿಸಿದನು. ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿಯು ೧೮೧೧ರಲ್ಲಿ ಪ್ರಕಟಿಸಿದ ಟೀಪುವಿನ ಪತ್ರಗಳ ಸಂಪುಟದಲ್ಲಿ ಅದರ ವಿವರಗಳು ದೊರೆಯುತ್ತವೆ. ೪೦ ಯುದ್ಧನೌಕೆಗಳು ಸಿದ್ಧವಾಗಬೇಕು. ೨೦ ದೊಡ್ಡವು, ೨೦ 'ಫ್ರಿಗೇಟ್' ಎಂಬ ಬಗೆಯವು. ಮಂಗಳೂರು, ಮಿರ್ಜಾನಿನ ಹೊಳೆಬಾಯಿ, ಸದಾಶಿವಗಡ ಈ ಮೂರೆಡೆಗಳಲ್ಲಿ ಹಡಗು ಕಟ್ಟುವ ಕೆಲಸ. ಇದೆಲ್ಲದರ ಮೇಲೆ 'ಮೀರ್ ಯಮ್' ಎಂಬ ಬಿರುದಿನ ಹನ್ನೊಂದು ಮಂದಿ ಅಧಿಕಾರಿಗಳು. ಅವರು ಇರಬೇಕಾದುದು ರಾಜಧಾನಿಯಾದ ಶ್ರೀರಂಗಪಟ್ಟಣದಲ್ಲಿ, ಕಾವೇರಿಯ ನಡುಗಡ್ಡೆಯಲ್ಲಿ. ಯೋಜನೆಯು ಕೈಗೂಡುವ ಮೊದಲೇ, ೧೭೯೯ರ ಮೇ ೪ರಂದು, ಪಟ್ಟಣವು ಬಿದ್ದು ಸುಲ್ತಾನನು ಮಡಿದನು.

ಅಂದಿನಿಂದ ಮೈಸೂರಿಗೆ ಕಡಲು ತಪ್ಪಿತು. ಕೆನರಾ ಸೀಮೆಯನ್ನು ಕಂಪೆನಿಯು ತಾನೇ ಇಟ್ಟುಕೊಂಡಿತು. ಅದರ ಉತ್ತರಭಾಗವನ್ನು ೧೮೬೨ರಲ್ಲಿ ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಹವಣಿಸಿದರು, ಅದು ಕೈಗೂಡಲಿಲ್ಲ. ೧೯೫೬ರ ನವೆಂಬರ್ ೧ರಂದು ಕರ್ನಾಟಕದ ಏಕೀಕರಣವಾದಾಗಲೇ, ೧೫೭ ವರ್ಷಗಳ ಮೇಲೆ, ವಿಧಾನಸೌಧದ ಆಡಳಿತಕ್ಕೆ ಅಲೆಯ ಸದ್ದು ಕೇಳಿಸಿದುದು. ಮಂಜೇಶ್ವರ ಕಾಸರಗೋಡುಗಳ ಕನ್ನಡ ದಡವು ಆಗಲೂ ಹೊರಗೇ ಉಳಿಯಿತು. ರಾಜ್ಯದ ಎಲ್ಲೆಗಳು ಹೀಗೆ ಕಡಲಿನಿಂದ ದೂರವಾಗಿ ಮತ್ತೆ ಹತ್ತಿರವಾದರೂ, ಘಟ್ಟವನ್ನು ಹತ್ತಿಬಂದ ಚುಕ್ಕಾಣಿಯ ಮಾತು ಬಯಲುಸೀಮೆಯಿಂದ ಹಿಂದಿರುಗಲಿಲ್ಲ.

೬

ಚುಕ್ಕಾಣಿಯನ್ನು ಕಣ್ಣಾರೆ ಕಾಣಬೇಕೆಂದರೆ ನಾವು ಕಡಲಿಗೇ ಹೋಗಬೇಕಾಗಿಲ್ಲ. ೧೯೪೮ರಲ್ಲಿ ಜಕ್ಕೂರಿನಲ್ಲಿ ಸರ್ಕಾರದ ವಿಮಾನ ಶಿಕ್ಷಣ ಶಾಲೆಯು ಆರಂಭವಾಯಿತು. ಅನಂತರ ಯಲಹಂಕದಲ್ಲಿ ವಾಯುಪಡೆಯ ನೆಲೆ ಬಂದಿತು. ೧೯೯೬ರಿಂದ ಅಲ್ಲಿ ವಿಮಾನ ಪ್ರದರ್ಶನಗಳು ನಡೆದುಬಂದಿವೆ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ದೊಡ್ಡ ವಿಮಾನ ನಿಲ್ದಾಣವು ತೆರೆಯಿತು. ವಿಮಾನದ ಬಾಲದಲ್ಲಿ ನಿಮಿರಿ ನಿಂತ ಫಲಕದ ಹಿಂದೆ ಎಡಬಲಕ್ಕೆ ಆಡುವ ಹಲಗೆಯುಂಟಷ್ಟೆ. ಅದರ ಹೆಸರು 'ರಡ್ಡರ್', ಎಂದರೆ ಚುಕ್ಕಾಣಿಯೇ. ವಿಮಾನ ನಡೆಸುವವನಿಗೆ ಹೇಳುವ 'ಪೈಲಟ್' ಎಂಬ ಮಾತು ಗ್ರೀಕರ ನಡೆಸುವ ಹುಟ್ಟಿನಿಂದ ಹೊರಟುದು. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸುರು ದೀಪಗಳನ್ನು ಹಚ್ಚುವುದು ಹಡಗಿನ ಕ್ರಮ. ವೇಗವನ್ನು 'ನಾಟ್', ಎಂದರೆ ಗಂಟು, ಎಂದು ಎಣಿಸುವುದೂ ಹಡಗಿನ ಕ್ರಮವೇ. ಗಂಟುಗಳನ್ನು ಹಾಕಿದ ಹಗ್ಗವನ್ನು ಮರದ ತುಂಡಿಗೆ ಕಟ್ಟಿ ಹಿಂದಕ್ಕೆ ಬಿಟ್ಟು, ಮರಳು ಗಡಿಯಾರವು ಬರಿದಾಗುವಷ್ಟರಲ್ಲಿ ಕೈಯಿಂದ ಜಾರಿದ ಗಂಟುಗಳನ್ನು ನಾವಿಕರು ಲೆಕ್ಕ ಮಾಡುತ್ತಿದ್ದರು. ಹೀಗೆ ಕಡಲಿನ ಭಾಷೆಯು ಎರಡನೆಯ ಸಾರಿ, ಈ ಬಾರಿ ಆಕಾಶದ ದಾರಿಯಿಂದ, ನಮ್ಮ ಊರಿಗೆ ಬಂದಿಳಿಯಿತು.

ಮುಂದೊಂದು ದಿನ ಮೊಮ್ಮಗನನ್ನು ಕರೆದುಕೊಂಡು ಹೋಗಿ ರಸ್ತೆಯ ಅಂಚಿನಿಂದ ಜಕ್ಕೂರಿನ ಒಂದು ಚಿಕ್ಕ ವಿಮಾನದ ಬಾಲವನ್ನು ತೋರಿಸಿದೆ. "ಇದೇ ಚುಕ್ಕಾಣಿಯಾ? ಇಷ್ಟು ಚಿಕ್ಕದಾ?" ಎಂದು ಅವನಿಗೆ ಆಶ್ಚರ್ಯವಾಯಿತು. ಅವನ ಉಳಿದ ಪ್ರಶ್ನೆಗೂ ಅಲ್ಲಿಯೇ ಉತ್ತರ ಹೇಳಿದೆ.

ನಾವು 'ಚುಕ್ಕಾಣಿ ಹಿಡಿದರು' ಎನ್ನುವಾಗ ಸಿಂಹಾಸನವನ್ನು ಏರಿದರೆಂಬ ಭಾವವು ಮಾತಿನೊಳಗೆ ನುಸುಳಿದೆ. ಗೆದ್ದವರು ಪಡೆದರು, ಸೋತವರು ಕಳೆದುಕೊಂಡರು, ಎಂಬಂತೆ. ಹಳೆಯ ಹಡಗಿನ ಸುಕ್ಕಾನಿಯ ಸ್ಥಿತಿ ಅದಲ್ಲ. ಅವನು ಸಂಬಳದ ಆಳು. ಪಾಳಿಯ ಹೊತ್ತಿಗೆ ಬಂದು, ಹಿಂದಿನವನಿಂದ ಹಡಗಿನ ದಿಕ್ಕನ್ನು ಕೇಳಿ ತಿಳಿದು, ಆ ದಿಕ್ಕನ್ನು ಬಾಯಿಬಿಟ್ಟು ಮರಳಿ ಹೇಳಿ, ಅನಂತರವೇ ಚಕ್ರವನ್ನು ಮುಟ್ಟಬೇಕು. ಪಾಳಿ ಮುಗಿದಾಗ ಅದೇ ಕ್ರಮದಲ್ಲಿ ಮುಂದಿನವನಿಗೆ ಒಪ್ಪಿಸಿ ಇಳಿಯಬೇಕು. ಅವನ ಕೈಯಲ್ಲಿರುವಷ್ಟು ಹೊತ್ತು ಎಲ್ಲರ ಪ್ರಾಣವೂ ಅವನ ಎಚ್ಚರದಲ್ಲಿರುತ್ತದೆ. ಆದರೆ ಹಡಗಿನ ಒಂದು ಹಲಗೆಯೂ ಅವನದಲ್ಲ. ಹಡಗನ್ನು ಮುಂದಕ್ಕೆ ನೂಕುವ ಬಲವೂ ಅವನದಲ್ಲ. ಹಾಯಿ ಎಳೆಯುವವರು ಎಳೆಯದಿದ್ದರೆ ಅವನ ಚಕ್ರವು ಬರಿಯ ಮರದ ಗಾಲಿ.

ಇದನ್ನು ಹುಡುಗನ ತಿಳಿವಳಿಕೆಗೆ ಒಪ್ಪುವಂತೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ದಿನ ಅವರು ಯಾಕೆ ಚಪ್ಪಾಳೆ ತಟ್ಟಿದರು?" ಎಂದು ಕೇಳಿದ. ಪಾಳಿಗೆ ಹೊತ್ತಿಗೆ ಸರಿಯಾಗಿ ಬಂದರೆಂದು, ಎಂದು ಹೇಳಿದೆ. ನಮ್ಮ ಸಂಘ ಸಂಸ್ಥೆಗಳಲ್ಲಿಯೂ ಅದಕ್ಕಿಂತ ದೊಡ್ಡ ಸಭೆಗಳಲ್ಲಿಯೂ ಈ ಮಾತನ್ನು ಆಡುವವರು ಇನ್ನು ಮುಂದೆ ಈ ಅರ್ಥವನ್ನು ಮನಸ್ಸಿನಲ್ಲಿಟ್ಟು ಆಡಿದರೆ, ಅರಬ್ಬೀ ಕಡಲನ್ನು ದಾಟಿ, ಘಟ್ಟವನ್ನು ಹತ್ತಿ ನಮ್ಮಲ್ಲಿಗೆ ಬಂದ ಆ ಹಳೆಯ ಶಬ್ದದ ಪ್ರಯಾಣವು ಸಾರ್ಥಕವಾದೀತು.